ಬೇಸಿಗೆಯ ಬೆವರು, ಮಳೆಗಾಲದ ಜಂಗು

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 34. ದಿನಾ ನಸುಕಿನಲ್ಲಿ ಅಪ್ಪನ ಕೆರೆ ಸುತ್ತಿ, ಸೇಡಂ ರಸ್ತೆ ಹಿಡಿದು ವಿಶ್ವವಿದ್ಯಾಲಯದ ಕಡೆಗೆ ಏಳೆಂಟು ಕಿಲೋಮೀಟರ್ ಓಡುತ್ತೇನೆ. ಚಡ್ಡಿಯ ಕಿಸೆಯಲ್ಲಿ ಒಂದು ಸಣ್ಣ ಮಡಚುವ ಚಾಕು ಇರುತ್ತದೆ. ಹಾದಿಯಲ್ಲಿ ಕೊಂಡ ಸವತೆಕಾಯಿ, ಪೇರಲ ಹಣ್ಣು ಕೊಯ್ಯಲು ಬೇಕಾಗುತ್ತದೆ. ನಾಯಿಗಳ ಭಯವೂ ಇದೆ. ಚಾಕು ಫೆಬ್ರವರಿಯಲ್ಲಿ ಕೊಂಡದ್ದು, ಮೇಲೆ ‘ಸ್ಟೇನ್‌ಲೆಸ್’ ಎಂದು ಅಚ್ಚಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿನಲ್ಲಿ ತೊಯ್ದರೂ ಏನೂ ಆಗಲಿಲ್ಲ. ಜುಲೈನಲ್ಲಿ ಮಳೆ ಎಂದು ಮೂರು ವಾರ ಓಡಲು ಹೋಗಲಿಲ್ಲ, ಚಾಕು ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ನೋಡಿದರೆ ಅಲಗಿನ ಮೇಲೆಲ್ಲ ಕಂದು ಚುಕ್ಕೆ. ಮಡಚುವ ಜಾಗದಲ್ಲಿ ಕಿರ್ ಎನ್ನುತ್ತದೆ. ಮನೆಯಲ್ಲಿದ್ದ ಕುಸುಬೆ ಎಣ್ಣೆ ಹಚ್ಚಿದೆ. ಈಗ ಅಂಟಂಟಾಗಿ, ತೆರೆಯಲು ಹೋದರೆ ಉಗುರು ಮುರಿಯುತ್ತದೆ. ಓಡುವಾಗ ಬಾರದ ಜಂಗು ಸುಮ್ನೆ ಇಟ್ಟಾಗ ಯಾಕೆ ಬಂತು? ಈಗ ಏನು ಮಾಡಲಿ?

ಉತ್ತರ: ಜುಲೈನಲ್ಲಿ ನಿಮಗೆ ಕಂಡ ಜಂಗಿನ ಬಿತ್ತನೆ ಏಪ್ರಿಲ್‌ನಲ್ಲೇ ಆಗಿತ್ತು, ಅದೂ ನಿಮ್ಮ ಕಿಸೆಯಲ್ಲಿ. ಮಳೆ ಬಂದ ಮೇಲೆ ಮೊಳಕೆ ಒಡೆಯಿತು, ಅಷ್ಟೇ.

ನಾನು ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು. ವರ್ಕ್‌ಶಾಪಿನಲ್ಲಿ ಒಂದು ವಿಚಿತ್ರ ಎಲ್ಲ ಮಾಸ್ತರರಿಗೂ ಗೊತ್ತು. ಕೆಲವು ಹುಡುಗರು ಮುಟ್ಟಿದ ಉಕ್ಕಿನ ಮೇಲೆ ಮರುದಿನ ಅವರ ಬೆರಳಚ್ಚು ಕಂದಾಗಿ ಎದ್ದಿರುತ್ತದೆ. ಅದೇ ಬೆಂಚಿನಲ್ಲಿ ಅದೇ ಕೆಲಸ ಮಾಡಿದ ಪಕ್ಕದ ಹುಡುಗನ ಕೈಗೆ ಹಾಗೆ ಆಗುವುದಿಲ್ಲ. ಬೆವರು ಎಲ್ಲರಿಗೂ ಒಂದೇ ಥರ ಇರಲ್ಲ. ಕೆಲವರದು ಜಾಸ್ತಿ ಉಪ್ಪು, ಕೆಲವರದು ಜಾಸ್ತಿ ಹುಳಿ. ಓಡಿ ಬಂದ ಮೇಲೆ ನಿಮ್ಮ ಟೋಪಿಯ ಅಂಚಿನಲ್ಲೋ ಬನಿಯನ್ನಿನ ಬೆನ್ನಿನ ಮೇಲೋ ಬಿಳಿ ಗೆರೆ ಮೂಡುತ್ತಿದ್ದರೆ, ನೀವೂ ಆ ಉಪ್ಪು ಕೈ ಹುಡುಗರ ಪೈಕಿ ಎಂದು ತಿಳಿಯಿರಿ.

ಒಂದು ಲೀಟರ್ ಬೆವರಿನಲ್ಲಿ ಸುಮಾರು 1ರಿಂದ 3 ಗ್ರಾಂ ಉಪ್ಪು ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಒಂದು ತಾಸು ಓಡಿದವನ ಮೈಯಿಂದ ಒಂದು ಲೀಟರ್ ಇಳಿಯುವುದು ದೊಡ್ಡ ಮಾತಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಇರುತ್ತದೆ, ಅದರ ಮುಂದೆ ಇದೇನು ಮಹಾ ಅನ್ನಿಸಬಹುದು. ಆದರೆ ಕಲಬುರಗಿಯ ಏಪ್ರಿಲ್ ಗಾಳಿ ಎಂಥದ್ದು ನಿಮಗೆ ಗೊತ್ತಲ್ಲ. ತೊಯ್ದ ಚಡ್ಡಿ ಮನೆ ಮುಟ್ಟುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ನೀರು ಹಾರಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಇವತ್ತಿನದರ ಮೇಲೆ ನಾಳೆಯದು, ಅದರ ಮೇಲೆ ನಾಡಿದ್ದಿನದು. ಎರಡು ತಿಂಗಳಿಗೆ ನಿಮ್ಮ ಚಾಕುವಿನ ಸಂದುಗೊಂದಿಯಲ್ಲೆಲ್ಲ ಸಣ್ಣ ಉಪ್ಪಿನ ಗಣಿಯೇ ಆಗಿತ್ತು.

ಹಾಗಾದರೆ ಆಗಲೇ ಯಾಕೆ ಜಂಗು ಬರಲಿಲ್ಲ? ಜಂಗು ಹಿಡಿಯಲು ಉಪ್ಪಿನ ಜೊತೆ ನೀರಿನ ತೆಳು ಪದರ ಬೇಕು. ಮೇ ಮಧ್ಯಾಹ್ನ ನಮ್ಮ ಕಡೆ ಗಾಳಿಯ ತೇವ ಶೇಕಡಾ 20-30ಕ್ಕೆ ಇಳಿದಿರುತ್ತದೆ, ಅಲ್ಲಿ ಉಪ್ಪು ಒಣಗಿಕೊಂಡು ತೆಪ್ಪಗೆ ಕೂತಿರುತ್ತದೆ. ತೇವ ಸುಮಾರು 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದಿಲ್ಲವೇ, ಅದೇ ಆಟ. ಡಬ್ಬಿಯಲ್ಲಿ ಆದದ್ದೇ ಖಾನೆಯಲ್ಲಿ ನಿಮ್ಮ ಚಾಕುವಿನ ಮೇಲೂ ಆಯಿತು. ಮೂರು ವಾರ ಹಗಲೂ ರಾತ್ರಿ ಅದು ಉಪ್ಪುನೀರಿನಲ್ಲಿ ಅದ್ದಿದಂತೆ ಇತ್ತು. ಓಡುತ್ತಿದ್ದಾಗ ದಿನಕ್ಕೆ ಹತ್ತು ಸಲ ತೆಗೆದು ಮಡಚಿ, ಕೈಯಲ್ಲಿ ಸವರಿ, ಬಿಸಿಲಿಗೆ ಒಣಗಿಸುತ್ತಿದ್ದಿರಿ. ಸುಮ್ನೆ ಇಟ್ಟದ್ದೇ ಮುಳುವಾಯಿತು.

ಇನ್ನು ‘ಸ್ಟೇನ್‌ಲೆಸ್’ ಅಚ್ಚಿನ ಮಾತು. ಊಟದ ತಟ್ಟೆಯೂ ಸ್ಟೇನ್‌ಲೆಸ್, ಅದಕ್ಕೆ ಸಾರು, ಹುಳಿ, ಉಪ್ಪಿನಕಾಯಿ ಎಲ್ಲ ಬಿದ್ದರೂ ಜಂಗು ಬರಲ್ಲ, ಚಾಕುವಿಗೆ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಒಂದು ಅಯಸ್ಕಾಂತ ತಂದು ನೋಡಿ. ಒಳ್ಳೆಯ ತಟ್ಟೆಗೆ ಅದು ಅಂಟುವುದಿಲ್ಲ. ಚಾಕುವಿಗೆ ಗಟ್ಟಿಯಾಗಿ ಅಂಟುತ್ತದೆ. ಎರಡೂ ಬೇರೆ ಬೇರೆ ಉಕ್ಕು. ಒಳ್ಳೆಯ ತಟ್ಟೆಯದರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕೆಲ್ ಇರುತ್ತದೆ, ಕಾರ್ಬನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲದು. ಹರಿತ ನಿಲ್ಲಬೇಕಾದರೆ ಉಕ್ಕಿಗೆ ಕಾರ್ಬನ್ ಹಾಕಿ, ಕಾಯಿಸಿ, ಅದ್ದಿ ಗಡಸು ಮಾಡಬೇಕು. ಆ ಕಾರ್ಬನ್ ಸುಮ್ಮನಿರುವುದಿಲ್ಲ, ಒಂದಷ್ಟು ಕ್ರೋಮಿಯಂ ಹಿಡಿದು ತನ್ನ ಗಟ್ಟಿ ಕಣಗಳಲ್ಲಿ ಕಟ್ಟಿಹಾಕಿಕೊಳ್ಳುತ್ತದೆ. ಜಂಗು ತಡೆಯುವ ಕೆಲಸಕ್ಕೆ ಉಳಿದ ಕ್ರೋಮಿಯಂ ಮಾತ್ರ ಒದಗುತ್ತದೆ. ಅದು ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಗಾಳಿಯ ಆಮ್ಲಜನಕ ಸಿಕ್ಕ ಕೂಡಲೇ ಪೊರೆ ತಾನೇ ಮತ್ತೆ ಮೂಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಸೂಜಿಯಲ್ಲಿ ಚುಚ್ಚಿದಂತೆ ಅಲ್ಲಲ್ಲಿ ತೂತು ಮಾಡುತ್ತದೆ. ನಿಮ್ಮ ಚಾಕು ಪೂರ್ತಿ ಕಂದಾಗದೆ ಚುಕ್ಕೆ ಚುಕ್ಕೆಯಾದದ್ದು ಇದಕ್ಕೇ.

ಮಡಚುವ ಜಾಗ ಯಾಕೆ ಜಾಸ್ತಿ ಕೆಟ್ಟಿತು? ಅಲ್ಲಿ ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಸಂದು. ಉಪ್ಪುನೀರು ಒಳಗೆ ಹೋಗುತ್ತದೆ, ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದೆ ಪೊರೆ ಮತ್ತೆ ಕೂಡುವುದಿಲ್ಲ. ಜೊತೆಗೆ ಅಗ್ಗದ ಚಾಕುಗಳಲ್ಲಿ ಅಲಗಿಗೆ ಒಂದು ಉಕ್ಕು, ಒಳಗಿನ ಸ್ಪ್ರಿಂಗು, ಪಿನ್ನು, ಕ್ಲಿಪ್ಪಿಗೆ ಇನ್ನೊಂದು ಕಡಿಮೆ ದರ್ಜೆಯದು. ಬೀದರಿನ ಕುಶಲಕರ್ಮಿಗಳು ಬಿದರಿ ಪಾತ್ರೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿ ಹಚ್ಚುವುದನ್ನು ನೋಡಿದ್ದೀರಾ? ನವಸಾಗರವೂ ಕ್ಲೋರೈಡೇ. ಸತುವು ಮತ್ತು ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಹೊಳೆಯುತ್ತಲೇ ಇರುತ್ತದೆ. ಉಪ್ಪಿನ ಜಾತಿಯೇ ಹಾಗೆ, ಯಾವ ಲೋಹ ಸೋಲುತ್ತದೋ ಅದನ್ನು ಆರಿಸಿ ಹಿಡಿಯುತ್ತದೆ. ಅಲ್ಲಿ ಬೇಕೆಂದೇ ಮಾಡುತ್ತಾರೆ, ಅಂದ ಬರುತ್ತದೆ. ನಿಮ್ಮ ಚಾಕುವಿನ ಹೊಟ್ಟೆಯಲ್ಲಿ ಅದೇ ಕೆಲಸ ಯಾರೂ ಕೇಳದೆ ನಡೆಯುತ್ತದೆ.

ಈಗ ಉಪಾಯ. ಕೇಳಿದರೆ ನಗಬೇಡಿ, ಓಡಿ ಬಂದ ತಕ್ಷಣ ಚಾಕು ನೀರಿನಲ್ಲಿ ತೊಳೆಯಿರಿ. ‘ಅಲ್ರೀ ಮಾಸ್ತರ, ನೀರಿಗೇ ಅಲ್ಲೇನ್ರಿ ಜಂಗು ಬರೋದು?’ ಎಂದು ನನ್ನ ಜೊತೆ ಓಡುವವರೇ ಕೇಳುತ್ತಾರೆ. ಬರೀ ನೀರು ಐದು ನಿಮಿಷ ತಾಗಿ ಒಣಗಿದರೆ ಸ್ಟೇನ್‌ಲೆಸ್ ಚಾಕುವಿಗೆ ಏನೂ ಆಗದು. ಉಪ್ಪನ್ನು ಅಲ್ಲಿಂದ ಎಬ್ಬಿಸಿ ಕಳಿಸಲು ನೀರಿಗಿಂತ ಒಳ್ಳೆಯದು ಯಾವುದೂ ಇಲ್ಲ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ತೊಳೆಯದೆ ಎಣ್ಣೆ ಹಚ್ಚಿದರೆ ಉಪ್ಪನ್ನು ಒಳಗಿಟ್ಟು ಬೀಗ ಹಾಕಿದಂತೆ.

ನನ್ನ ಕಥೆಯನ್ನೂ ಕೇಳಿ. ಊರಿಗೆಲ್ಲ ಲೋಹದ ಪಾಠ ಹೇಳುವ ನಾನು ವರ್ಷಗಟ್ಟಲೆ ಓಡಿ ಬಂದು ಚಾಕುವನ್ನು ಬನಿಯನ್ನಿನ ತುದಿಯಲ್ಲಿ ಒರೆಸಿ ಇಡುತ್ತಿದ್ದೆ. ಒರೆಸಿದೆ ಎಂಬ ಸಮಾಧಾನ. ಬನಿಯನ್ನೇ ಬೆವರಿನಲ್ಲಿ ತೊಯ್ದಿತ್ತು ಎನ್ನುವುದು ತಲೆಗೆ ಹೊಳೆಯಲೇ ಇಲ್ಲ. ಒಂದು ದಿನ ಮಾವಿನಕಾಯಿ ಹೆಚ್ಚುವಾಗ ಟಕ್ ಎಂದು ಹಿಂದಿನ ಸ್ಪ್ರಿಂಗ್ ಮುರಿದು, ಅಲಗು ಜೋತು ಬಿತ್ತು. ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಒಳಮೈಯಲ್ಲಿ ಸಾಸಿವೆಯಷ್ಟು ಒಂದು ಗುಳಿ, ಬಿರುಕು ಅಲ್ಲಿಂದಲೇ ಶುರುವಾಗಿತ್ತು. ಅಲಗು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು, ದಿನಾ ಒರೆಸುತ್ತಿದ್ದೆನಲ್ಲ!

ತೊಳೆಯುವುದು ದೊಡ್ಡ ಕೆಲಸವೇನಲ್ಲ. ಸ್ನಾನಕ್ಕೆ ಹೋಗುವಾಗ ಚಾಕು ಜೊತೆಗೆ ಒಯ್ಯಿರಿ. ಪೂರ್ತಿ ತೆರೆದು ನಲ್ಲಿಯ ಕೆಳಗೆ ಹಿಡಿದು, ನೀರು ಮಡಚುವ ಕೀಲಿಗೆ ನೇರ ಬೀಳುವಂತೆ ಮಾಡಿ, ಎಂಟು ಹತ್ತು ಸಲ ಅರ್ಧ ಮಡಚಿ ಬಿಚ್ಚಿ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಹಿಡಿಯ ಒಳಗೆ ಕಿಸೆಯ ನೂಲಿನ ಜುಂಗು ಸೇರಿಕೊಂಡಿರುತ್ತದೆ, ಅದು ಬೆವರಿನ ಬತ್ತಿ ಇದ್ದ ಹಾಗೆ, ಕಡ್ಡಿಯಲ್ಲಿ ಎತ್ತಿ ತೆಗೆಯಿರಿ. ನಿಮ್ಮದು ಬೋರಿನ ಗಡಸು ನೀರಾದರೆ ಕೊನೆಯ ಅರ್ಧ ಲೋಟ ಕುಡಿಯುವ ನೀರಿನದು ಇರಲಿ, ಬಿಳಿ ಕಲೆ ಉಳಿಯದು. ಜಾಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತೆರೆದೇ ಹತ್ತು ನಿಮಿಷ ಫ್ಯಾನಿನ ಕೆಳಗೆ ಇಡಿ, ಮಕ್ಕಳ ಕೈಗೆ ಸಿಗದ ಕಡೆ. ಮರದ ಅಥವಾ ಕೊಂಬಿನ ಹಿಡಿಯಾದರೆ ನೆನೆಹಾಕಬೇಡಿ, ತೊಳೆದು ಕೂಡಲೇ ಒರೆಸಿ. ಸವತೆಕಾಯಿ, ನಿಂಬೆಹಣ್ಣು ಕೊಯ್ದ ದಿನವೂ ಇಷ್ಟೇ.

ಕುಸುಬೆ ಎಣ್ಣೆಯ ಮಾತಿಗೆ ಬರೋಣ. ನಮ್ಮ ಕಡೆ ಅದು ಮನೆಮನೆಯ ಎಣ್ಣೆ, ಅದರ ಬಗ್ಗೆ ಕೆಟ್ಟದ್ದು ಹೇಳಲು ನನಗೂ ಬಾಯಿ ಬರುವುದಿಲ್ಲ. ಬಾಣಲೆಯಲ್ಲಿ ಛಲೋ, ಚಾಕುವಿನ ಕೀಲಿಗೆ ಮಾತ್ರ ಬೇಡ. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ. ಅಗಸೆ ಎಣ್ಣೆಯನ್ನು ಬಡಿಗೇರು ಮರಕ್ಕೆ ಹಚ್ಚುತ್ತಾರಲ್ಲ, ಅದರದೇ ಕುಲ. ಬಣ್ಣ, ವಾರ್ನಿಷ್ ಮಾಡಲೂ ಕುಸುಬೆ ಎಣ್ಣೆ ಬಳಸುತ್ತಾರೆ. ಅಂದರೆ ನೀವು ಚಾಕುವಿಗೆ ವಾರ್ನಿಷ್ ಹೊಡೆದಿದ್ದೀರಿ. ಶೇಂಗಾ ಎಣ್ಣೆ ಸ್ವಲ್ಪ ನಿಧಾನ, ಆದರೆ ಕೊನೆಗೆ ಅದೂ ಅಂಟಾಗಿ ಕಮಟು ವಾಸನೆ ಹೊಡೆಯುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗದು, ಆದರೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ನಸುಕಿನಲ್ಲಿ ನೀವು ಓಡುವ ಹೊತ್ತಿಗೆ ಚಾಕು ತೆರೆಯುವುದೇ ಕಷ್ಟ.

ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದು ಕೇಳಿ. ಬಣ್ಣ, ವಾಸನೆ, ರುಚಿ ಇಲ್ಲದ ಖನಿಜ ಎಣ್ಣೆ ಅದು. ಒಣಗುವುದಿಲ್ಲ, ಕೆಡುವುದಿಲ್ಲ, ಹಣ್ಣು ಕೊಯ್ಯುವ ಅಲಗಿಗೂ ನಡೆಯುತ್ತದೆ. ಕೀಲಿಗೆ ಸೂಜಿಯ ತುದಿಯಲ್ಲಿ ಒಂದು ಹನಿ. ಅಲಗಿಗೆ ಬೆರಳಲ್ಲಿ ಸವರಿ, ಆಮೇಲೆ ‘ಎಲ್ಲ ಒರೆಸಿಬಿಟ್ಟೆನೇನೋ’ ಅನ್ನಿಸುವಷ್ಟು ಒರೆಸಿ. ಅಷ್ಟು ಉಳಿದರೆ ಸಾಕು. ತೋಯಿಸಿ ಇಟ್ಟರೆ ನಮ್ಮ ಎರೆಮಣ್ಣಿನ ಧೂಳೆಲ್ಲ ಕೂತು ಒಳಗೆ ಅರೆಯುವ ಕಲ್ಲಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ ಆಗುತ್ತದೆ, ಆದರೆ ತಿನ್ನುವ ವಸ್ತು ಕೊಯ್ಯುವ ಅಲಗಿಗೆ ಬೇಡ. ಡಬ್ಲ್ಯುಡಿ-40 ಇದ್ದರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಆ ಹೆಸರಿನ ಅರ್ಥವೇ ನೀರು ಓಡಿಸುವ ದ್ರವದ ನಲವತ್ತನೆಯ ಪ್ರಯತ್ನ ಎಂದು, 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ನೀರು ಓಡಿಸಲು, ಅಂಟು ಬಿಡಿಸಲು ಒಳ್ಳೆಯದು. ತಿಂಗಳುಗಟ್ಟಲೆ ಕಾಯುವ ಎಣ್ಣೆ ಅದಲ್ಲ.

ಈಗಿರುವ ಅಂಟಿಗೂ ಜಂಗಿಗೂ ಹೀಗೆ ಮಾಡಿ. ಮೊದಲು ಬಣ್ಣದ ಅಂಗಡಿಯ ಟರ್ಪೆಂಟೈನೋ ಡಬ್ಲ್ಯುಡಿ-40ಯೋ ಕೀಲಿಗೆ ಬಿಟ್ಟು ಒಂದು ರಾತ್ರಿ ಇಡಿ, ಒಲೆಯ ಹತ್ತಿರ ಬೇಡ. ಬೆಳಗ್ಗೆ ಅಲಗನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಆಡಿಸಿ. ಕಂದು ನೀರು ಬರುತ್ತದೆ, ಅದು ತಿಳಿಯಾಗುವವರೆಗೆ ಇದನ್ನೇ ಮಾಡಿ. ಆಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಅಲಗಿನ ಚುಕ್ಕೆಗಳಿಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಟ್ಟೆಯಲ್ಲಿ ತಿಕ್ಕಿದರೆ ಹೊಸ ಕಲೆ ಹೋಗುತ್ತದೆ. ಹೋಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 1000 ಅಥವಾ 2000 ನಂಬರಿನ ವಾಟರ್ ಪೇಪರ್ (ನಯವಾದ ಮರಳು ಕಾಗದ) ತಂದು, ಎಣ್ಣೆ ಹನಿಸಿ, ಅಲಗಿನ ಹಿಂಭಾಗದಿಂದ ಬಾಯಿಯ (ಹರಿತ ಅಂಚಿನ) ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ.

ನಿಂಬೆಹಣ್ಣಿಗೆ ಉಪ್ಪು ಅದ್ದಿ ತಿಕ್ಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿತ್ತಾಳೆ ದೀಪಕ್ಕೆ ಅದು ಸರಿ. ಚಾಕುವಿಗೆ ಮಾಡಿದರೆ, ನಾವು ಇಷ್ಟು ಹೊತ್ತು ಯಾವ ಕಳ್ಳನನ್ನು ಹೊರಗೆ ಹಾಕುತ್ತಿದ್ದೆವೋ ಅವನನ್ನೇ ಮತ್ತೆ ಒಳಗೆ ಕರೆದಂತೆ. ಸಾದಾ ಕಬ್ಬಿಣದ ಉಣ್ಣೆಯಲ್ಲೂ ತಿಕ್ಕಬೇಡಿ, ಅದರ ಚೂರುಗಳು ಅಲಗಿನಲ್ಲಿ ಸಿಕ್ಕಿ ಅವೇ ಜಂಗು ಹಿಡಿಯುತ್ತವೆ. ಹಾಗೆಯೇ ಒಣ ಸಾಣೆ ಚಕ್ರಕ್ಕೆ ಕೊಟ್ಟು ಕಿಡಿ ಹಾರಿಸಬೇಡಿ. ಅಲಗು ಕಾದು ನೀಲಿಯಾದರೆ ಗಡಸೂ ಹೋಯಿತು, ಪೊರೆಯೂ ಹೋಯಿತು. ಹಿತ್ತಲ ಶಹಾಬಾದ್ ಫರಸಿಗೆ ತಿಕ್ಕುವ ರೂಢಿ ನಮ್ಮಲ್ಲಿದೆ. ಅದು ಸುಣ್ಣದ ಕಲ್ಲು, ಗಡಸು ಉಕ್ಕಿಗಿಂತ ಮೆತ್ತಗೆ. ಕಲ್ಲು ಸವೆಯುತ್ತದೆ, ಚಾಕು ಹಾಗೇ ಇರುತ್ತದೆ. ಇನ್ನೊಂದು ಮಾತು, ಜಂಗು ಕಣ್ಣಿಗೆ ಕಾಣುವ ಮೊದಲೇ ಬಾಯಿಯ ಸಣ್ಣ ಅಂಚನ್ನು ತಿಂದಿರುತ್ತದೆ. ಯಾವುದಕ್ಕೂ ಬಳಸದ ಚಾಕು ಮೊಂಡಾದರೆ ಆಶ್ಚರ್ಯಪಡಬೇಡಿ.

ಓಡುವಾಗ ಎಲ್ಲಿಡಬೇಕು? ತೊಡೆಗೆ ಅಂಟುವ ಕಿಸೆ ಎಲ್ಲಕ್ಕಿಂತ ಕೆಟ್ಟ ಜಾಗ. ಸೊಂಟದ ಪಟ್ಟಿಯ ಹೊರಗಿನ ಖಾನೆ ವಾಸಿ. ಬಂಗಾರದ ಅಂಗಡಿಯಲ್ಲಿ ಕಿವಿಯೋಲೆ ಹಾಕಿ ಕೊಡುತ್ತಾರಲ್ಲ ಸಣ್ಣ ಜಿಪ್ ಕವರು, ಒಣ ಚಾಕುವನ್ನು ಅದರಲ್ಲಿ ಹಾಕಿ ಒತ್ತಿ ಮುಚ್ಚಿದರೆ ಬೆವರು ತಾಗುವುದೇ ಇಲ್ಲ. ಓಟದ ನಡುವೆ ಬಳಸಿದರೆ ಒದ್ದೆ ಚಾಕು ಮತ್ತೆ ಅದರೊಳಗೆ ತುರುಕಬೇಡಿ, ಆಗ ಅದೇ ಹಬೆಯ ಡಬ್ಬಿಯಾಗುತ್ತದೆ. ಚರ್ಮದ ಚೀಲ ನೋಡಲು ಚೆಂದ, ಬೆವರು ಕುಡಿದು ದಿನವಿಡೀ ಇಟ್ಟುಕೊಳ್ಳುತ್ತದೆ. ಬೆರಳಲ್ಲಿ ತಟ್ಟಿದರೆ ಚಟ್ ಎಂದು ತೆರೆಯುವ ಚಾಕು ಓಟಕ್ಕೆ ತರಬೇಡಿ, ಎಡವಿ ಬಿದ್ದಾಗ ಕಿಸೆಯಲ್ಲೇ ತೆರೆದುಕೊಂಡರೆ ತೊಡೆಗೆ ಅಪಾಯ. ನಿಮ್ಮದು ಸಡಿಲವಾಗಿದ್ದರೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ಕುತ್ತಿಗೆಗೆ ನೇತು ಹಾಕುವುದು, ಕೈಯಲ್ಲಿ ಹಿಡಿದು ಓಡುವುದು ಬೇಡವೇ ಬೇಡ.

ಹೊಸದು ಕೊಳ್ಳುವುದಾದರೆ ಚಿಕ್ಕದನ್ನೇ ಕೊಳ್ಳಿ. ವಿಕ್ಟೋರಿನಾಕ್ಸ್‌ನ 58 ಮಿಲಿಮೀಟರಿನ ಕ್ಲಾಸಿಕ್ ಸುಮಾರು 21 ಗ್ರಾಂ ತೂಗುತ್ತದೆ, ಕಿಸೆಯಲ್ಲಿದೆ ಎನ್ನುವುದೇ ಮರೆತುಹೋಗುತ್ತದೆ. ಅದರ ಅಲಗಿನಲ್ಲಿ ಕಾರ್ಬನ್ ಅರ್ಧ ಶೇಕಡಾ, ಕ್ರೋಮಿಯಂ 15ರ ಆಸುಪಾಸು. ಹರಿತ ಬೇಗ ಇಳಿಯುತ್ತದೆ, ಜಂಗಿಗೆ ಚೆನ್ನಾಗಿ ತಡೆಯುತ್ತದೆ. ಓಡುವವರಿಗೆ ಈ ಲೆಕ್ಕವೇ ಸರಿ. ಡಿ2 ಎಂದು ಬರೆದಿರುವ ಚಾಕುಗಳನ್ನು ಅಂಗಡಿಯವರು ಹೊಗಳುತ್ತಾರೆ. ಅದರಲ್ಲಿ ಕ್ರೋಮಿಯಂ 12ರಷ್ಟಿದ್ದರೂ ಕಾರ್ಬನ್ ಒಂದೂವರೆ ಶೇಕಡಾ, ಬೆವರಿಗೆ ಬೇಗ ಸೋಲುತ್ತದೆ. 1095ರಂಥ ಕಾರ್ಬನ್ ಉಕ್ಕು ಇನ್ನೂ ನಾಜೂಕು. ಕಾರ್ಬನ್ ಕಡಿಮೆ ಮಾಡಿ ಸಾರಜನಕ ಸೇರಿಸಿದ ಉಕ್ಕುಗಳೂ ಬಂದಿವೆ, ಎಚ್1, ಎಲ್‌ಸಿ200ಎನ್ ಎಂಬ ಹೆಸರಿನವು. ಸಮುದ್ರದಲ್ಲಿ ಕೆಲಸ ಮಾಡುವವರ ಚಾಕುಗಳಿಗೆ ಬಳಸುತ್ತಾರೆ. ಸವತೆಕಾಯಿಗಾಗಿ ಅಷ್ಟು ದುಡ್ಡು ಸುರಿಯುವುದು ನನಗೇನೋ ಅತಿಯೆನ್ನಿಸುತ್ತದೆ.

ನಾಯಿಗಳ ವಿಷಯದಲ್ಲಿ ಚಾಕು ನಂಬಬೇಡಿ. ಅದನ್ನು ತೆರೆಯುವಷ್ಟರಲ್ಲಿ ನಾಯಿ ನಿಮ್ಮ ಮೀನಖಂಡ ಹಿಡಿದಿರುತ್ತದೆ, ಗಾಬರಿಯಲ್ಲಿ ಕೊಯ್ದುಕೊಳ್ಳುವುದು ನಿಮ್ಮ ಕೈಯನ್ನೇ. ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ಬೆನ್ನು ತೋರಿಸದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ನಿಧಾನಕ್ಕೆ ಹಿಂದೆ ಸರಿಯಿರಿ. ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧವೆಂದು ಎಣಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು, ಮನೆಬಳಕೆ ಮತ್ತು ಹೊಲದ ಕೆಲಸದ ಸಾಮಾನು ಬಿಟ್ಟು. ನಿಮ್ಮ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಚುನಾವಣೆ, ಗಲಾಟೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಇದ್ದರೆ ಚಾಕು ಮನೆಯಲ್ಲೇ ಇರಲಿ, ಸವತೆಕಾಯಿ ಕಚ್ಚಿಯೇ ತಿನ್ನಿ. ವಿಮಾನದ ಕೈಚೀಲದಲ್ಲಂತೂ ಇರಲೇಬಾರದು. ಓಟದ ಸೊಂಟಪಟ್ಟಿಯನ್ನು ಹಾಗೇ ಕೈಚೀಲಕ್ಕೆ ಹಾಕಿಕೊಂಡು ಹೋಗಿ, ತಪಾಸಣೆಯಲ್ಲಿ ಒಂದು ಒಳ್ಳೆಯ ಚಾಕು ಕಳೆದುಕೊಂಡವನು ನಾನು.

ನಿಮ್ಮ ಚಾಕು ಮೂರು ಸಲ ತೊಳೆದ ಮೇಲೂ ಕಿರ್ ಎನ್ನುತ್ತಿದ್ದರೆ ಒಳಗಿನ ಪಿನ್ನಿಗೇ ಗುಳಿ ಬಿದ್ದಿದೆ. ಸ್ಕ್ರೂ ಇರುವ ಚಾಕುವಾದರೆ ಬಿಚ್ಚಿ ಒಳಗೆ ವಾಟರ್ ಪೇಪರ್ ಆಡಿಸಬಹುದು. ರಿವೆಟ್ ಹೊಡೆದದ್ದಾದರೆ ಬಿಚ್ಚಲು ಹೋಗಬೇಡಿ, ಮತ್ತೆ ಕೂಡಿಸುವುದು ಆಗದ ಮಾತು. ಅದನ್ನು ಮೇಜಿನ ಖಾನೆಯಲ್ಲೇ ಲಕೋಟೆ ಹರಿಯಲು ಇಟ್ಟುಕೊಳ್ಳಿ. ತೊಳೆದು ಇಡಿ ಮತ್ತೆ.